ಹೊಲ, ಮನೆ ಯಾರ ಪಾಲಿಗೆ? ವಾರಸಾ, ವಾಟ್ನಿ, ಮೃತ್ಯುಪತ್ರ ಮಾಡಿಸುವವರಿಗೆ ಮಾರ್ಗದರ್ಶಿ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಯಾವ ತಾಲೂಕಿನ ಸಿವಿಲ್ ಕೋರ್ಟಿಗೆ ಹೋದರೂ ವಾಟ್ನಿ (ಆಸ್ತಿ ಪಾಲು) ದಾವೆಗಳು ಕಣ್ಣಿಗೆ ಬೀಳುತ್ತವೆ. ಒಂದೇ ಒಲೆಯ ಮುಂದೆ ಕೂತು ರೊಟ್ಟಿ ತಿಂದ ಅಣ್ಣ–ತಂಗಿ ವಾದಿ–ಪ್ರತಿವಾದಿಯಾಗಿ ನಿಂತಿರುತ್ತಾರೆ. ಕಡತ ಬಿಚ್ಚಿ ನೋಡಿದರೆ ಬಹುತೇಕ ಸಲ ಕಾಣುವ ಕಾರಣ ಎರಡು: ಹಿರಿಯರು ಇದ್ದಾಗ ಯಾರೂ ಕಾಗದ ಮಾಡಿಸಲಿಲ್ಲ, ಅವರು ಹೋದ ಮೇಲೆ ಯಾರೋ ಓದದೇ ಸಹಿ ಹಾಕಿದರು. ಇವೆರಡನ್ನೂ ತಪ್ಪಿಸಬಹುದು. ಹೇಗೆ ಅನ್ನುವುದನ್ನು ಕ್ರಮವಾಗಿ ಹೇಳುತ್ತೇನೆ.

ಇಲ್ಲಿ ಹೆಚ್ಚಾಗಿ ಹೇಳಿರುವುದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಬಗ್ಗೆ. ವೀರಶೈವರು ಮತ್ತು ಲಿಂಗಾಯತರು ಈ ಕಾಯ್ದೆಗೆ ಒಳಪಡುತ್ತಾರೆಂದು ಅದರ 2ನೇ ಕಲಮಿನಲ್ಲೇ ಹೆಸರು ಹೇಳಿ ಬರೆದಿದೆ. ಜೈನರಿಗೂ ಅನ್ವಯಿಸುತ್ತದೆ. ಪರಿಶಿಷ್ಟ ಪಂಗಡದವರಿಗೆ ಈ ಕಾಯ್ದೆ ನೇರವಾಗಿ ಅನ್ವಯಿಸುವುದಿಲ್ಲ, ಅವರು ವಕೀಲರನ್ನು ಕೇಳಿಯೇ ಮುಂದುವರಿಯಬೇಕು. ಮುಸ್ಲಿಂ ಮತ್ತು ಕ್ರೈಸ್ತ ಕುಟುಂಬಗಳ ಬಗ್ಗೆ ಕೆಳಗೆ ಬೇರೆಯಾಗಿ ಬರೆದಿದ್ದೇನೆ.

ಮೊದಲ ಕೆಲಸ: ಆಸ್ತಿ ಯಾವ ಬಗೆಯದು ಎಂದು ಗುರುತಿಸಿ

ಪಾಲಿನ ಲೆಕ್ಕಕ್ಕೆ ಕೈ ಹಾಕುವ ಮೊದಲು ಹೊಲ ಮನೆಗೆ ಹೇಗೆ ಬಂತು ಅನ್ನುವುದನ್ನು ಹುಡುಕಬೇಕು. ಉತಾರದ (ಪಹಣಿಯ) 9ನೇ ಕಾಲಂನಲ್ಲಿ ಮಾಲೀಕರ ಹೆಸರಿರುತ್ತದೆ, 10ನೇ ಕಾಲಂನಲ್ಲಿ ಆ ಹೆಸರು ಹೇಗೆ ಬಂತು ಎಂಬ ವಿವರ, 11ರಲ್ಲಿ ಸಾಲದ ಬೋಜಾ ಮತ್ತಿತರ ಹಕ್ಕುಗಳು. ಹೆಚ್ಚಿನವರು 9ನೇ ಕಾಲಂ ನೋಡಿ ಉತಾರ ಮಡಚಿಡುತ್ತಾರೆ. ನೀವು 10ನೇ ಕಾಲಂ ನೋಡಿ. ಅಲ್ಲಿರುವ ಡೈರಿ (ಹಕ್ಕು ಬದಲಾವಣೆಯ) ನಂಬರು ಹಿಡಿದು ತಹಶೀಲ್ದಾರ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಹಳೆಯ ಹಕ್ಕು ಬದಲಾವಣೆಯ ನಕಲು ತೆಗೆಸಿ. ಅಜ್ಜನ ಕಾಲದವರೆಗೂ ಹಿಂದಕ್ಕೆ ಹೋಗಿ. ಜೊತೆಗೆ ಉಪನೋಂದಣಿ ಕಚೇರಿಯಿಂದಲೋ ಕಾವೇರಿ ಜಾಲತಾಣದಿಂದಲೋ ಋಣಭಾರ ಪ್ರಮಾಣಪತ್ರ ಪಡೆಯಿರಿ. ಯಾರಿಗೂ ತಿಳಿಯದಂತೆ ಹಿಂದೆ ಮಾರಾಟವೋ ಬಕ್ಷೀಸೋ (ದಾನಪತ್ರವೋ) ಆಗಿದ್ದರೆ ಅದರಲ್ಲಿ ಗೊತ್ತಾಗುತ್ತದೆ.

ಅಪ್ಪ ತನ್ನ ದುಡಿಮೆಯಿಂದ ಖರೀದಿ ಮಾಡಿದ್ದರೆ ಅದು ಸ್ವಯಾರ್ಜಿತ. ಅದರ ಮೇಲೆ ಮಕ್ಕಳಿಗೆ ಹುಟ್ಟಿನಿಂದ ಹಕ್ಕಿಲ್ಲ, ಅಪ್ಪ ಯಾರಿಗೆ ಬೇಕಾದರೂ ಕೊಡಬಹುದು. ಅಜ್ಜ–ಮುತ್ತಜ್ಜರಿಂದ ಇಳಿದು ಬಂದ ಒಟ್ಟು ಕುಟುಂಬದ ಆಸ್ತಿಯಾದರೆ ಅದು ಪಿತ್ರಾರ್ಜಿತ. ಅದರಲ್ಲಿ ಮಗನಿಗೂ ಮಗಳಿಗೂ ಹುಟ್ಟಿನಿಂದಲೇ ಪಾಲಿದೆ.

ಇಲ್ಲಿ ಬಹಳ ಜನ ಎಡವುತ್ತಾರೆ. "ಅಜ್ಜನ ಆಸ್ತಿ ಐತಿ, ಮೊಮ್ಮಗಂದು ಹಕ್ಕ ಐತಿ" ಎಂಬ ಮಾತು ಎಲ್ಲ ಸಲವೂ ನಿಜವಲ್ಲ. ಅಜ್ಜ ಸ್ವಂತವಾಗಿ ಖರೀದಿಸಿದ ಹೊಲ, ಆತ 1956ರ ನಂತರ ಮೃತ್ಯುಪತ್ರ ಬರೆಯದೆ ತೀರಿಕೊಂಡು ಅಪ್ಪನಿಗೆ ಬಂದಿದ್ದರೆ, ಅದು ಅಪ್ಪನ ಸ್ವಂತ ಆಸ್ತಿಯಾಗುತ್ತದೆ. 1986ರಲ್ಲಿ ಸುಪ್ರೀಂ ಕೋರ್ಟ್ ಚಂದರ್ ಸೇನ್ ಪ್ರಕರಣದಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಅಪ್ಪ ಇರುವಾಗ ಮೊಮ್ಮಗ ಅದರಲ್ಲಿ ಪಾಲು ಕೇಳಲಾಗದು. ದಾವೆ ಹೂಡುವ ಮೊದಲು ಈ ಒಂದು ಅಂಶ ತಿಳಿದಿದ್ದರೆ ಎಷ್ಟೋ ಮನೆಗಳ ಹಣವೂ ವರ್ಷಗಳೂ ಉಳಿಯುತ್ತವೆ.

ಮಗಳ ಪಾಲು

ಈ ಪ್ರಶ್ನೆ ಉಳಿದೆಲ್ಲಕ್ಕಿಂತ ಹೆಚ್ಚು ಬರುತ್ತದೆ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕರ್ನಾಟಕದಲ್ಲಿ 1994ರ ಜುಲೈ 30ರಿಂದ ಜಾರಿಗೆ ಬಂದ ರಾಜ್ಯ ತಿದ್ದುಪಡಿ, ಆ ಹೊತ್ತಿಗೆ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಪಾಲು ಕೊಟ್ಟಿತು. 2005ರ ಸೆಪ್ಟೆಂಬರ್ 9ರಂದು ಜಾರಿಯಾದ ಕೇಂದ್ರದ ತಿದ್ದುಪಡಿ ಮದುವೆಯ ಷರತ್ತನ್ನೇ ತೆಗೆದುಹಾಕಿತು. ಆಮೇಲೆ ಎದ್ದ ಪ್ರಶ್ನೆ, 2005ಕ್ಕಿಂತ ಮೊದಲೇ ಅಪ್ಪ ತೀರಿಕೊಂಡಿದ್ದರೆ ಮಗಳಿಗೆ ಪಾಲು ಉಂಟೇ ಅನ್ನುವುದು. ಇದರ ಬಗ್ಗೆ 2015ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಪ್ರಕರಣ ಹುಟ್ಟಿದ್ದು ನಮ್ಮ ಬೆಳಗಾವಿಯ ಸಿವಿಲ್ ಕೋರ್ಟಿನಲ್ಲಿ, 1992ರಲ್ಲಿ ಹೆಣ್ಣುಮಗಳೊಬ್ಬರು ಹೂಡಿದ ವಾಟ್ನಿ ದಾವೆಯಿಂದ. ತಿದ್ದುಪಡಿಯ ದಿನ ಅಪ್ಪ–ಮಗಳು ಇಬ್ಬರೂ ಬದುಕಿರಬೇಕು ಎಂದು ಆಗ ಹೇಳಲಾಯಿತು. ಆ ನಿಲುವನ್ನು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಬದಲಿಸಿತು. ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ಅಪ್ಪ ಬದುಕಿರಬೇಕೆಂದಿಲ್ಲ. ಇಂದು ನಡೆಯುವ ಕಾನೂನು ಇದೇ.

ಇದಕ್ಕೆ ಒಂದು ಮಿತಿ ಇದೆ. 2004ರ ಡಿಸೆಂಬರ್ 20ಕ್ಕಿಂತ ಮೊದಲು ಆಗಿಹೋದ ವಾಟ್ನಿ ಅಥವಾ ಮಾರಾಟವನ್ನು ಮಗಳು ಈ ತಿದ್ದುಪಡಿಯ ಬಲದಿಂದ ಪ್ರಶ್ನಿಸುವಂತಿಲ್ಲ. ಆದರೆ ಆ ವಾಟ್ನಿ ನೋಂದಣಿಯಾದ ಪತ್ರದಿಂದಲೋ ಕೋರ್ಟಿನ ಡಿಕ್ರಿಯಿಂದಲೋ ಆಗಿರಬೇಕು. ನಮ್ಮ ಕಡೆ ಹಿಂದೆ ಚಾವಡಿಯಲ್ಲಿ ವರದಿ ಕೊಟ್ಟು ಅಣ್ಣತಮ್ಮಂದಿರು ಹೆಸರು ಹಚ್ಚಿಸಿಕೊಳ್ಳುತ್ತಿದ್ದರು. ಹಾಗೆ ಬಾಯಿಮಾತಿನಲ್ಲಿ ಆದದ್ದನ್ನು ಕೋರ್ಟು ಸುಲಭಕ್ಕೆ ಒಪ್ಪುವುದಿಲ್ಲ. ವಾಟ್ನಿ ನಿಜವಾಗಿಯೂ ಆಗಿತ್ತೆಂದು ತೋರಿಸುವ ಗಟ್ಟಿ ಸರಕಾರಿ ದಾಖಲೆಗಳಿದ್ದಾಗ, ಅದೂ ಅಪರೂಪಕ್ಕೆ, ಒಪ್ಪುತ್ತದೆ.

"ಮದುವ್ಯಾಗ ಬಂಗಾರ ಕೊಟ್ಟೀವಿ, ಇನ್ನೇನ್ ಪಾಲು?" ಎಂದು ಕೇಳುವ ಅಣ್ಣಂದಿರಿದ್ದಾರೆ. ಬಂಗಾರ ಕೊಟ್ಟ ಮಾತ್ರಕ್ಕೆ, ಮದುವೆಯ ಖರ್ಚು ಹೊತ್ತ ಮಾತ್ರಕ್ಕೆ ಮಗಳ ಪಾಲು ಹೋಗುವುದಿಲ್ಲ. ಅಕ್ಕತಂಗಿಯರು ತಾವಾಗಿ ಬಿಟ್ಟುಕೊಡಲು ಬಯಸಿದರೆ ಅದು ಅವರ ಇಷ್ಟ. ಬಿಟ್ಟುಕೊಡುವುದಾದರೆ ನೋಂದಣಿಯಾದ ಹಕ್ಕು ಬಿಡುಗಡೆ ಪತ್ರದಿಂದಲೇ ಆಗಬೇಕು. ಛಾಪಾ ಕಾಗದದ ಮೇಲೆ ಬರೆದು ನೋಟರಿ ಮಾಡಿಸಿದ ಒಪ್ಪಿಗೆ ಪತ್ರದಿಂದ ಹೊಲದ ಹಕ್ಕು ವರ್ಗವಾಗುವುದಿಲ್ಲ.

ಅಕ್ಕಂದಿರೇ, ತಂಗಿಯರೇ, ಒಂದು ಮಾತು ಬೇಡಿಕೊಂಡು ಹೇಳುತ್ತೇನೆ. "ವಾರಸಾಕ್ಕ ಒಂದ್ ಸಹಿ ಬೇಕಾಗೇತಿ" ಎಂದು ಕಾಗದ ತಂದಾಗ ಅದರ ತಲೆಬರಹ ಓದಿ. ವಾರಸುದಾರರ ಹೆಸರು ಹಚ್ಚುವ ವಾರಸಾ ಅರ್ಜಿಯೋ, ಹಕ್ಕು ಬಿಡುಗಡೆ ಪತ್ರವೋ, ವಟಮುಖತ್ಯಾರ ಪತ್ರವೋ (ಪವರ್ ಆಫ್ ಅಟಾರ್ನಿ) ನೋಡಿ. ಓದು ಬಾರದಿದ್ದರೆ ಮಗನಿಂದಲೋ ಊರಿನ ಶಾಲೆಯ ಮಾಸ್ತರರಿಂದಲೋ ಓದಿಸಿ. ಮೊಬೈಲಿಗೆ ಬಂದ ಒಟಿಪಿ ಕೇಳಿದರೂ ಯಾವ ಕೆಲಸಕ್ಕೆ ಎಂದು ತಿಳಿಯದೆ ಹೇಳಬೇಡಿ. ತವರಿನ ಬಾಗಿಲು ಮುಚ್ಚೀತು ಎಂಬ ಅಂಜಿಕೆಯಲ್ಲಿ ಹಾಕಿದ ಸಹಿಯನ್ನು ಮುಂದೆ ಕೋರ್ಟಿನಲ್ಲಿ ರದ್ದು ಮಾಡಿಸುವುದು ಬಹಳ ಕಷ್ಟ.

ಲೆಕ್ಕ ಹೇಗೆ?

ಅಪ್ಪ ಮೃತ್ಯುಪತ್ರ ಬರೆಯದೆ ತೀರಿಕೊಂಡರೆ ಆತನ ಸ್ವಯಾರ್ಜಿತ ಆಸ್ತಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ಆತನ ತಾಯಿಗೆ ಸಮಪಾಲು. ತಾಯಿಯನ್ನು ಮರೆಯುವವರೇ ಹೆಚ್ಚು. ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು, ವಯಸ್ಸಾದ ತಾಯಿ ಇದ್ದಾರೆ, ಹೊಲ 12 ಎಕರೆ ಅಂತಿಟ್ಟುಕೊಳ್ಳಿ. ಐದು ಪಾಲಾಗಿ ತಲಾ 2 ಎಕರೆ 16 ಗುಂಟೆ ಬರುತ್ತದೆ. ಎಲ್ಲರಿಗಿಂತ ಮೊದಲು ಪಾಲು ಪಡೆಯುವ ಈ ಮೊದಲ ವರ್ಗದ ವಾರಸುದಾರರಲ್ಲಿ ಮೃತರ ತಂದೆಗೆ ಮಾತ್ರ ಜಾಗವಿಲ್ಲ. ಮಗನೋ ಮಗಳೋ ಮೊದಲೇ ತೀರಿಕೊಂಡಿದ್ದರೆ ಅವರ ಪಾಲು ಅವರ ಮಕ್ಕಳಿಗೆ ಹೋಗುತ್ತದೆ, ತೀರಿಕೊಂಡ ಮಗನ ಹೆಂಡತಿಗೂ ಅದರಲ್ಲಿ ಭಾಗವಿದೆ.

ಪಿತ್ರಾರ್ಜಿತವಾದರೆ ಎರಡು ಹಂತದಲ್ಲಿ ಲೆಕ್ಕ ಹಾಕಬೇಕು. ಅಪ್ಪ ತೀರಿಕೊಳ್ಳುವ ಮುಂಚಿನ ಗಳಿಗೆಯಲ್ಲಿ ವಾಟ್ನಿ ಆಗಿತ್ತೆಂದು ಭಾವಿಸಿ ಮೊದಲು ಅಪ್ಪನ ಪಾಲೆಷ್ಟು ಎಂದು ತೆಗೆಯಬೇಕು, ಆಮೇಲೆ ಆ ಪಾಲನ್ನಷ್ಟೇ ವಾರಸುದಾರರಿಗೆ ಹಂಚಬೇಕು. ನಮ್ಮ ಜಿಲ್ಲೆಗಳು ಹಳೆಯ ಮುಂಬಯಿ ಪ್ರಾಂತದಲ್ಲಿದ್ದವು. ಹೀಗಾಗಿ ಇಲ್ಲಿ ನಡೆಯುವ ಮುಂಬಯಿ ಶಾಖೆಯ ಮಿತಾಕ್ಷರ ಎಂಬ ಹಳೆಯ ಹಿಂದೂ ಕಾನೂನಿನ ಪದ್ಧತಿಯಂತೆ ಅಪ್ಪ–ಮಕ್ಕಳ ವಾಟ್ನಿಯಲ್ಲಿ ಅವ್ವನಿಗೂ ಒಂದು ಪಾಲು ಸಿಗುತ್ತದೆ. ಅಪ್ಪ, ಅವ್ವ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಇದ್ದ 12 ಎಕರೆಯ ಮನೆಯಲ್ಲಿ, ಅಜ್ಜಿ ಮೊದಲೇ ತೀರಿಕೊಂಡಿದ್ದರೆ, ಮೊದಲ ಹಂತದಲ್ಲಿ ಐದು ಪಾಲು. ಅಪ್ಪನ ಐದನೇ ಒಂದು ಪಾಲು ಮತ್ತೆ ನಾಲ್ವರಿಗೆ. ಕೊನೆಗೆ ಉಳಿದ ನಾಲ್ವರಿಗೂ ತಲಾ ನಾಲ್ಕನೇ ಒಂದು, ಅಂದರೆ 3 ಎಕರೆ.

ಗಂಡ ತೀರಿದ ಮೇಲೆ ಉಡಕಿಯಾದ (ಮರುಮದುವೆಯಾದ) ಹೆಣ್ಣುಮಗಳಿಗೆ ಮೊದಲ ಗಂಡನ ಆಸ್ತಿಯಲ್ಲಿ ಪಾಲಿಲ್ಲ ಎನ್ನುವವರಿದ್ದಾರೆ. ಅದು ತಪ್ಪು. ಗಂಡ ತೀರಿದ ದಿನವೇ ಆಕೆಗೆ ಬಂದ ಪಾಲು ಮರುಮದುವೆಯಿಂದ ಹೋಗುವುದಿಲ್ಲ. ಇನ್ನು ಮೊದಲ ಹೆಂಡತಿ ಇರುವಾಗಲೇ ಮಾಡಿಕೊಂಡ ಎರಡನೆಯ ಸಂಬಂಧದ ಮಾತು: ಕಾನೂನಿನ ಕಣ್ಣಿನಲ್ಲಿ ಆ ಮದುವೆ ಅಸಿಂಧು, ಎರಡನೆಯವಳಿಗೆ ವಾರಸಾ ಹಕ್ಕಿಲ್ಲ. ಆಕೆಯ ಮಕ್ಕಳಿಗೆ ಇದೆ. 2023ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಹೇಳಿದಂತೆ, ಪಿತ್ರಾರ್ಜಿತದಲ್ಲಿ ಅಪ್ಪನ ಪಾಲಿಗೆ ಬರುವಷ್ಟರಲ್ಲಿ ಅವರಿಗೂ ಭಾಗ ಸಿಗುತ್ತದೆ, ದೊಡ್ಡಪ್ಪ–ಕಾಕಂದಿರ ಪಾಲಿನಲ್ಲಿ ಸಿಗುವುದಿಲ್ಲ.

ಹೆಣ್ಣುಮಗಳು ತೀರಿಕೊಂಡರೆ ಲೆಕ್ಕ ಬೇರೆ. ಮಕ್ಕಳಿಗೆ ಮತ್ತು ಗಂಡನಿಗೆ ಸಮಪಾಲು. ಮಕ್ಕಳೂ ಗಂಡನೂ ಇಲ್ಲದಿದ್ದರೆ ಆಕೆ ಸ್ವತಃ ದುಡಿದು ಮಾಡಿದ ಮನೆ, ಜಾಗ ಎಲ್ಲವೂ ಗಂಡನ ಕಡೆಯ ವಾರಸುದಾರರಿಗೆ ಹೋಗುತ್ತದೆ, ಹೆತ್ತ ತಾಯಿ ಬದುಕಿದ್ದರೂ. ತವರಿನಿಂದ ವಾರಸಾದಲ್ಲಿ ಬಂದ ಆಸ್ತಿ ಮಾತ್ರ, ಮಕ್ಕಳಿಲ್ಲದಿದ್ದಾಗ, ತಂದೆಯ ಕಡೆಗೆ ಮರಳುತ್ತದೆ. ಮಕ್ಕಳಿಲ್ಲದ ವಿಧವೆ ಶಿಕ್ಷಕಿ, ನರ್ಸ್, ಅಂಗನವಾಡಿ ಕಾರ್ಯಕರ್ತೆ ಯಾರೇ ಇರಲಿ, ಮೃತ್ಯುಪತ್ರ ಬರೆದಿಡುವುದು ಇವರಿಗೆ ಎಲ್ಲರಿಗಿಂತ ಮುಖ್ಯ.

ತೀರಿಕೊಂಡ ಮೇಲೆ ಮಾಡಬೇಕಾದ್ದು

ಮರಣವನ್ನು 21 ದಿನದೊಳಗೆ ನೋಂದಾಯಿಸಿ. ತಡವಾದರೆ ದಂಡ, ಅಫಿಡವಿಟ್ಟು ಎಂದು ಓಡಾಟ ಹೆಚ್ಚುತ್ತದೆ. ಪ್ರಮಾಣಪತ್ರದಲ್ಲಿ ಹೆಸರು ಆಧಾರ್ ಮತ್ತು ಉತಾರದಲ್ಲಿ ಇದ್ದಂತೆಯೇ ಇದೆಯೇ ನೋಡಿ. ಅಡ್ಡಹೆಸರು ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಮುಂದಿನ ಪ್ರತಿ ಕಚೇರಿಯಲ್ಲೂ ತಡೆ ಬೀಳುತ್ತದೆ.

ನಂತರ ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು, ತೀರಿಕೊಂಡ ಮಗನ ಹೆಂಡತಿ–ಮಕ್ಕಳ ಹೆಸರು ಎಲ್ಲವೂ ಅದರಲ್ಲಿ ಇರಬೇಕು. ಹೆಸರು ಬಿಟ್ಟು ಸುಳ್ಳು ಅಫಿಡವಿಟ್ಟು ಕೊಡುವುದು ಅಪರಾಧ. ಅದರ ಮೇಲೆ ಕಟ್ಟಿದ ವಾಟ್ನಿ, ಮಾರಾಟ ಎಲ್ಲವೂ ಮುಂದೆ ಅಲುಗಾಡುತ್ತವೆ.

ಮೂರನೆಯದು ವಾರಸಾ ಡೈರಿ, ಅಂದರೆ ಪೌತಿ ಖಾತೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ಉತಾರ, ಎಲ್ಲರ ಆಧಾರ್ ನಕಲು ಇಟ್ಟು ಅರ್ಜಿ ಕೊಡಬೇಕು. ಭೂಕಂದಾಯ ಕಾಯ್ದೆಯ 128ನೇ ಕಲಮಿನ ಪ್ರಕಾರ ಹಕ್ಕು ಬಂದ ಮೂರು ತಿಂಗಳೊಳಗೆ ತಿಳಿಸಬೇಕು. ತಡವಾಗಿದ್ದರೆ ಈಗಲಾದರೂ ಮಾಡಿಸಿ. ಸತ್ತವರ ಹೆಸರಿನಲ್ಲೇ ಉಳಿದ ಹೊಲಗಳಿಗಾಗಿ ಕಂದಾಯ ಇಲಾಖೆ 2025ರಲ್ಲಿ ಇ-ಪೌತಿ ಅಭಿಯಾನ ಶುರು ಮಾಡಿದೆ, ನಿಮ್ಮೂರಿನ ತಲಾಠಿಯನ್ನು (ಈಗಿನ ಗ್ರಾಮ ಆಡಳಿತಾಧಿಕಾರಿ) ಕೇಳಿ. ಎಲ್ಲರ ಹೆಸರೂ ಜಂಟಿಯಾಗಿ ಬರಲಿ, ಪಾಲು ಆಮೇಲೆ ಮಾಡಿಕೊಳ್ಳಬಹುದು. ಯಾರಾದರೂ ತಕರಾರು ಹಾಕಿದರೆ ತಹಶೀಲ್ದಾರರು ವಿಚಾರಣೆ ನಡೆಸುತ್ತಾರೆ. ಅವರ ಆದೇಶ ಒಪ್ಪಿಗೆಯಾಗದಿದ್ದರೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ: ಬೆಳಗಾವಿ ಜಿಲ್ಲೆಯವರಿಗೆ ಬೆಳಗಾವಿ, ಬೈಲಹೊಂಗಲ, ಚಿಕ್ಕೋಡಿ; ಬಾಗಲಕೋಟೆ ಜಿಲ್ಲೆಗೆ ಬಾಗಲಕೋಟೆ, ಜಮಖಂಡಿ; ವಿಜಯಪುರ ಜಿಲ್ಲೆಗೆ ವಿಜಯಪುರ, ಇಂಡಿ.

ಉತಾರದಲ್ಲಿ ಹೆಸರು ಬಂದ ಮಾತ್ರಕ್ಕೆ ಒಬ್ಬನೇ ಮಾಲೀಕನಾಗುವುದಿಲ್ಲ, ಹೆಸರು ಬಿಟ್ಟುಹೋದ ಮಾತ್ರಕ್ಕೆ ಹಕ್ಕು ಹೋಗುವುದೂ ಇಲ್ಲ. ಉತಾರ ಕಂದಾಯದ ದಾಖಲೆ. ಅದು ಸರಿಯೆಂದೇ ಕಾನೂನು ಮೊದಲು ಭಾವಿಸುತ್ತದೆ, ಆದರೆ ಮಾಲೀಕತ್ವದ ತಂಟೆ ಬಂದರೆ ತೀರ್ಮಾನಿಸುವುದು ಸಿವಿಲ್ ಕೋರ್ಟು.

ಪೇಟೆಯೊಳಗಿನ ಹಳೆಯ ಮನೆಗಳಿಗೆ ಸಿಟಿ ಸರ್ವೆ ನಂಬರು ಇರುತ್ತದೆ. ಅಲ್ಲಿ ಪಾಲಿಕೆ ಅಥವಾ ನಗರಸಭೆಯ ಖಾತೆ ಬದಲಿಸಿದರಷ್ಟೇ ಸಾಲದು, ಸಿಟಿ ಸರ್ವೆ ಕಚೇರಿಯ ಪಿಆರ್ ಕಾರ್ಡಿನಲ್ಲೂ (ಆಸ್ತಿ ದಾಖಲೆ) ವಾರಸಾ ಮಾಡಿಸಬೇಕು. ಹಳ್ಳಿಯ ಮನೆಗೆ ಗ್ರಾಮ ಪಂಚಾಯಿತಿಯ ಇ-ಸ್ವತ್ತು ದಾಖಲೆಯಲ್ಲಿ ಹೆಸರು ಬದಲಿಸಬೇಕು.

ಪಿಕೆಪಿಎಸ್ (ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘ) ಸಾಲ, ಸಕ್ಕರೆ ಕಾರ್ಖಾನೆಯ ಶೇರು, ಬ್ಯಾಂಕಿನ ಠೇವಣಿಗಳನ್ನೂ ಪಟ್ಟಿ ಮಾಡಿ. ಅಪ್ಪನ ಸಾಲಕ್ಕೆ ಮಕ್ಕಳು ಹೊಣೆಯಾಗುವುದು ಅಪ್ಪನಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ. ಬ್ಯಾಂಕಿನಲ್ಲಿ ನಾಮಿನಿ ಆದವರು ಹಣ ಪಡೆಯಬಹುದು, ಆದರೆ ಅದು ಎಲ್ಲ ವಾರಸುದಾರರಿಗೆ ಸೇರಿದ್ದು.

ವಾಟ್ನಿ ಮಾಡಿಕೊಳ್ಳುವಾಗ

ಎಲ್ಲರೂ ಒಪ್ಪಿದ್ದರೆ ಕೋರ್ಟು ಬೇಕಿಲ್ಲ. ಮೊದಲು ಭೂಮಾಪಕರಿಂದ ಅಳತೆ ಮಾಡಿಸಿ 11ಇ ನಕ್ಷೆ ಪಡೆಯಿರಿ, ಸರ್ವೆ ನಂಬರಿನ ಒಂದು ಭಾಗವನ್ನು ನೋಂದಣಿ ಮಾಡಿಸಲು ಅದು ಬೇಕು. ಆಮೇಲೆ ವಾಟ್ನಿ ಪತ್ರ ಬರೆಸಿ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿ. ಕುಟುಂಬದೊಳಗಿನ ವಾಟ್ನಿಗೆ ಮಾರಾಟದಷ್ಟು ಮುದ್ರಾಂಕ ಶುಲ್ಕ ಬೀಳುವುದಿಲ್ಲ. ಪಾಲಿಗೆ ಇಷ್ಟು ಎಂಬ ನಿಗದಿತ ದರ ಇದೆ, ಸದ್ಯದ ದರವನ್ನು ಅಲ್ಲೇ ಕೇಳಿಕೊಳ್ಳಿ.

ಪತ್ರದಲ್ಲಿ ಎಕರೆ–ಗುಂಟೆಯ ಜೊತೆ ಇನ್ನೂ ಕೆಲವು ಸಂಗತಿ ಬರೆಸಲೇಬೇಕು. ಬಾವಿ, ಬೋರ್‌ವೆಲ್ ಯಾರಿಗೆ, ಪಾಳಿ ಹೇಗೆ? ಕರೆಂಟಿನ ಮೀಟರು ಯಾರ ಹೆಸರಿನಲ್ಲಿ? ಹಿಂದಿನ ಪಾಲಿನವನಿಗೆ ಚಕ್ಕಡಿ, ಟ್ರ್ಯಾಕ್ಟರ್ ಹೋಗುವ ದಾರಿ ಎಷ್ಟು ಅಗಲ? ಕಬ್ಬಿನ ನೆಲಕ್ಕೆ ಪೈಪ್‌ಲೈನ್ ಯಾರ ಹೊಲದ ಒಳಗಿಂದ ಹಾಯುತ್ತದೆ? ಎಕರೆ ಲೆಕ್ಕದಲ್ಲಿ ಸರಿಯಾಗಿ ಹಂಚಿಕೊಂಡ ಮನೆಗಳೂ ನೀರು ಮತ್ತು ದಾರಿಗಾಗಿ ಬಡಿದಾಡುತ್ತವೆ.

ಆಲಮಟ್ಟಿ ಹಿನ್ನೀರಿನ ಊರುಗಳಲ್ಲಿ ಇರುವವರು ಇನ್ನೂ ಎಚ್ಚರವಾಗಿರಬೇಕು. ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೆಯ ಹಂತದಲ್ಲಿ ಅಣೆಕಟ್ಟೆಯ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಉದ್ದೇಶವಿದೆ. ಮುಳುಗಡೆಯಾಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ ಎಂದು ರಾಜ್ಯ ಸಂಪುಟ 2025ರ ಸೆಪ್ಟೆಂಬರಿನಲ್ಲಿ ತೀರ್ಮಾನಿಸಿದೆ. ಇಷ್ಟು ದೊಡ್ಡ ಮೊತ್ತ ಉತಾರದಲ್ಲಿ ಹೆಸರಿದ್ದವನ ಖಾತೆಗೆ ಬಿದ್ದ ಮೇಲೆ ಅಕ್ಕತಂಗಿಯರು ವಸೂಲಿ ಮಾಡುವುದು ಎಷ್ಟು ಕಷ್ಟ ಎಂಬುದನ್ನು ಹಿಂದಿನ ಮುಳುಗಡೆ ಊರುಗಳವರನ್ನು ಕೇಳಿದರೆ ಗೊತ್ತಾಗುತ್ತದೆ. ಈಗಲೇ ವಾರಸಾ ಮಾಡಿಸಿ. ಹೆಸರು ಇಲ್ಲದಿದ್ದರೆ ವಿಶೇಷ ಭೂಸ್ವಾಧೀನಾಧಿಕಾರಿಗೆ ಲಿಖಿತ ತಕರಾರು ಕೊಟ್ಟು ಸ್ವೀಕೃತಿ ಪಡೆಯಿರಿ. ಪಾಲಿನ ತಂಟೆ ಇದ್ದರೆ ಹಣವನ್ನು ಹಂಚದೆ ಪ್ರಾಧಿಕಾರದಲ್ಲಿ ಠೇವಣಿ ಇಡುವ ಅವಕಾಶ 2013ರ ಭೂಸ್ವಾಧೀನ ಕಾಯ್ದೆಯಲ್ಲಿದೆ.

ಬದುಕಿರುವಾಗಲೇ: ಮೃತ್ಯುಪತ್ರ ಮತ್ತು ಬಕ್ಷೀಸ

ಮೃತ್ಯುಪತ್ರ ಬರೆದರೆ ಆಯುಸ್ಸು ಕಡಿಮೆಯಾಗುತ್ತದೆ ಎಂದು ಅಂಜುವ ಹಿರಿಯರಿದ್ದಾರೆ. ಅವರ ಅಂಜಿಕೆಯನ್ನು ಗೌರವಿಸಿ, ಒತ್ತಾಯ ಬೇಡ. ಬದಲಾಯಿಸುವ ಹಕ್ಕು ಕೊನೆಯ ಉಸಿರಿನವರೆಗೂ ಅವರ ಕೈಯಲ್ಲೇ ಇರುತ್ತದೆ, ಕೊನೆಯದಾಗಿ ಬರೆದದ್ದೇ ನಡೆಯುತ್ತದೆ ಎಂದು ತಿಳಿಸಿ ಹೇಳಿ.

ಮೃತ್ಯುಪತ್ರಕ್ಕೆ ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ಬರೆಯುವವರು ಮಾತಾಡುವ ಕನ್ನಡದಲ್ಲೇ ಬರೆಯಲಿ. ಸರ್ವೆ ನಂಬರು, ಹಿಸ್ಸಾ, ಚತುಃಸೀಮೆ ಸ್ಪಷ್ಟವಾಗಿರಲಿ. ಸಹಿ ಅಥವಾ ಹೆಬ್ಬೆಟ್ಟು ಹಾಕುವುದನ್ನು ಕನಿಷ್ಠ ಇಬ್ಬರು ಸಾಕ್ಷಿದಾರರು ನೋಡಿರಬೇಕು, ಅವರೂ ಬರೆದವರ ಎದುರಿಗೇ ಸಹಿ ಮಾಡಬೇಕು. ಆಸ್ತಿ ಪಡೆಯುವವರು ಸಾಕ್ಷಿಯಾಗುವುದು ಬೇಡ. ಮುಂದೆ ಕೋರ್ಟಿನಲ್ಲಿ ಒಬ್ಬ ಸಾಕ್ಷಿಯಾದರೂ ಬಂದು ಹೇಳಬೇಕಾಗುತ್ತದೆ, ಆದ್ದರಿಂದ ವಯಸ್ಸಿನಲ್ಲಿ ಚಿಕ್ಕವರನ್ನು ಆರಿಸಿ. ಬರೆಯುವವರಿಗೆ ವಯಸ್ಸಾಗಿದ್ದರೆ ಅದೇ ದಿನ ಡಾಕ್ಟರರಿಂದ ಮನಸ್ಸು ನೆಟ್ಟಗಿದೆ ಎಂಬ ಪ್ರಮಾಣಪತ್ರ ಪಡೆಯಿರಿ. ಒಬ್ಬ ಮಗನಿಗೋ ಮಗಳಿಗೋ ಕಡಿಮೆ ಕೊಡುವುದಾದರೆ ಕಾರಣವನ್ನು ಎರಡು ಸಾಲಿನಲ್ಲಿ ಬರೆಯಿರಿ. ಕಾರಣವಿಲ್ಲದ ಮೃತ್ಯುಪತ್ರವನ್ನು ಕೋರ್ಟು ಸಂಶಯದಿಂದ ನೋಡುತ್ತದೆ.

ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿ ಎಂದೇ ನನ್ನ ಸಲಹೆ. ಹಾಸಿಗೆ ಹಿಡಿದವರ ಮನೆಗೇ ನೋಂದಣಾಧಿಕಾರಿ ಬರುವ ವ್ಯವಸ್ಥೆ ಇದೆ. ನಮ್ಮ ಜಿಲ್ಲೆಗಳ ಆಸ್ತಿಗೆ ಬರೆದ ಮೃತ್ಯುಪತ್ರಕ್ಕೆ ಪ್ರೊಬೇಟ್ (ಅದು ನಿಜವೆಂದು ಕೋರ್ಟು ಕೊಡುವ ದೃಢೀಕರಣ) ಕಡ್ಡಾಯವೂ ಅಲ್ಲ. ಒಂದು ಮಿತಿ ನೆನಪಿರಲಿ: ಪಿತ್ರಾರ್ಜಿತದಲ್ಲಿ ಅಪ್ಪ ಬರೆಯಬಹುದಾದ್ದು ತನ್ನ ಪಾಲಿನಷ್ಟಕ್ಕೆ ಮಾತ್ರ.

ಬಕ್ಷೀಸ ಪತ್ರದ ದಾರಿ ಬೇರೆ. ನೋಂದಣಿಯಾದ ದಿನವೇ ಆಸ್ತಿ ಕೈಬಿಡುತ್ತದೆ, ಮನಸ್ಸು ಬದಲಾದರೆ ಸುಮ್ಮನೆ ವಾಪಸ್ ಪಡೆಯಲಾಗದು. ಇರುವ ಒಂದೇ ಮನೆಯನ್ನು ಮಕ್ಕಳಿಗೆ ಬಕ್ಷೀಸ ಕೊಡಬೇಡಿ ಎಂದು ನಾನು ಹಿರಿಯರಿಗೆ ಕೈಮುಗಿದು ಹೇಳುತ್ತೇನೆ. ಕೊಡಲೇಬೇಕೆಂದರೆ ಎರಡು ಮಾತು ಪತ್ರದಲ್ಲೇ ಬರೆಸಿ: ಬದುಕಿರುವವರೆಗೆ ಅಲ್ಲಿ ವಾಸಿಸುವ, ಉತ್ಪನ್ನ ಅನುಭವಿಸುವ ಹಕ್ಕು ನನ್ನದು, ನನ್ನ ಊಟ, ಔಷಧ, ಆರೈಕೆ ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟಿದ್ದೇನೆ. ಈ ಷರತ್ತಿದ್ದು ಮಕ್ಕಳು ನೋಡಿಕೊಳ್ಳದಿದ್ದರೆ, 60 ದಾಟಿದವರು 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಕೊಟ್ಟು ಪತ್ರ ರದ್ದು ಮಾಡಿಸಬಹುದು.

ಮುಸ್ಲಿಂ, ಕ್ರೈಸ್ತ ಕುಟುಂಬಗಳಿಗೆ

ಮುಸ್ಲಿಂ ಕಾನೂನಿನಲ್ಲಿ ಹುಟ್ಟಿನಿಂದ ಬರುವ ಪಾಲಿಲ್ಲ, ಪಿತ್ರಾರ್ಜಿತ–ಸ್ವಯಾರ್ಜಿತ ಎಂಬ ಭೇದವೂ ಇಲ್ಲ. ತೀರಿಕೊಂಡ ಮೇಲೆ ಸಾಲ, ಅಂತ್ಯಕ್ರಿಯೆಯ ಖರ್ಚು ಕಳೆದು ಉಳಿದದ್ದನ್ನು ಹಂಚಬೇಕು. ಮಕ್ಕಳಿದ್ದರೆ ಹೆಂಡತಿಗೆ ಎಂಟನೇ ಒಂದು, ಮಗನ ಪಾಲಿನ ಅರ್ಧ ಮಗಳಿಗೆ. ವಸಿಯತ್ ಬರೆಯುವುದಾದರೆ ಮೂರನೇ ಒಂದು ಭಾಗ ಮೀರಬಾರದು. ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ: ಹೆಂಡತಿಗೆ ಮೂರನೇ ಒಂದು, ಉಳಿದದ್ದು ಮಕ್ಕಳಿಗೆ ಗಂಡು–ಹೆಣ್ಣು ಭೇದವಿಲ್ಲದೆ ಸಮ.

ಮಾತಿನಲ್ಲಿ ಬಗೆಹರಿಯದಿದ್ದರೆ

ಒಟ್ಟು ಕುಟುಂಬದ ಆಸ್ತಿಯಿಂದ ನಿಮ್ಮನ್ನು ಹೊರಗಿಟ್ಟಿದ್ದಾರೆಂದು ತಿಳಿದ ದಿನದಿಂದ 12 ವರ್ಷದೊಳಗೆ ದಾವೆ ಹೂಡಬೇಕು. "ಅಣ್ಣ ಇವತ್ತಲ್ಲ ನಾಳೆ ಕೊಡ್ತಾನ" ಎಂದು ಕಾಯುವವರು ಈ ಲೆಕ್ಕ ಮರೆಯಬಾರದು. ಹೊಲ ಮಾರುವ ಸುದ್ದಿ ಬಂದರೆ ದಾವೆಯ ಜೊತೆಗೇ ತಡೆಯಾಜ್ಞೆ ಕೇಳಿ. ವಕೀಲರ ಫೀ ಕೊಡಲಾಗದಿದ್ದರೆ ತಾಲೂಕು ಕೋರ್ಟಿನ ಆವರಣದಲ್ಲೇ ಇರುವ ಕಾನೂನು ಸೇವಾ ಸಮಿತಿಗೆ ಹೋಗಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ–ಪಂಗಡದವರಿಗೆ ಆದಾಯ ಎಷ್ಟಿದ್ದರೂ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಸಹಾಯವಾಣಿ 15100. ದಾವೆ ನಡೆದಿರುವಾಗಲೂ ಲೋಕ ಅದಾಲತ್‌ನಲ್ಲಿ ರಾಜಿಯಾಗಬಹುದು. ಅಲ್ಲಿ ಆದ ರಾಜಿ ಡಿಕ್ರಿಗೆ ಸಮ, ಅದರ ಮೇಲೆ ಅಪೀಲು ಇಲ್ಲ, ಕಟ್ಟಿದ ಕೋರ್ಟ್ ಫೀ ವಾಪಸ್ ಬರುತ್ತದೆ. ಹೈಕೋರ್ಟಿನವರೆಗೆ ಹೋಗಬೇಕಾಗಿ ಬಂದರೆ ಬೆಳಗಾವಿ, ಬಾಗಲಕೋಟೆಯವರು ಧಾರವಾಡ ಪೀಠಕ್ಕೆ, ವಿಜಯಪುರದವರು ಕಲಬುರಗಿ ಪೀಠಕ್ಕೆ.